ಗೋಡೆಯಾಚೆಯ ತಾಳ

‘ವಾರಾವಾರಾ’ ಎಂಬ ರಾಕ್ ಬ್ಯಾಂಡಿನ ಯಾವ ಫೋಟೋ ತೆಗೆದು ನೋಡಿದರೂ ಜಿಸ್ಲೇನಳ ಒಂದು ಕಿವಿ, ಒಂದು ಭುಜ, ಬೇಸ್ ಗಿಟಾರಿನ ಕತ್ತು, ಇಷ್ಟೇ ಸಿಗುತ್ತಿತ್ತು. ಎದುರಿಗೆ ಅವಳ ಅಣ್ಣ ಎಡ್ಸೆಲ್ ಕಾಲು ಅಗಲಿಸಿ ನಿಂತು ಬಾಯಿ ತೆರೆದಿರುತ್ತಿದ್ದ. ಅವನ ಪಕ್ಕದಲ್ಲಿ ಸೋದರತ್ತೆ, ತಾಂತಾ ಎಥ್ಲಿನ್, ಹೂಹೂವಿನ ಉಡುಪು ತೊಟ್ಟು, ಎಡಗೈಯಲ್ಲಿ ವಿರಿ ಹಿಡಿದು ನಿಂತಿರುತ್ತಿದ್ದಳು. ವಿರಿ ಎಂದರೆ ಬೇರೇನಲ್ಲ, ಮೈತುಂಬ ಹಲ್ಲು ಕೊರೆದ ಒಂದು ಕಬ್ಬಿಣದ ಪಟ್ಟಿ. ತೆಳ್ಳಗಿನ ಸರಳಿನಿಂದ ಅದನ್ನು ಉಜ್ಜುತ್ತ ಹೋದರೆ ಕುರಸಾವ್ ದ್ವೀಪದ ಎಂಥ ಮುದುಕಿಯೂ ಕುರ್ಚಿ ಬಿಟ್ಟು ಏಳುತ್ತಾಳೆ. ಹಿಂದೆ ಎತ್ತರದಲ್ಲಿ, ಡ್ರಮ್ಮುಗಳ ನಡುವೆ, ಹುಲ್ಲಿನ ಬಣ್ಣದ ಗಡ್ಡದ ಸೀತ್ಸೆ. ತಾಂತಾಗೂ ಸೀತ್ಸೆಗೂ ನಡುವೆ ಒಂದು ಮಾರಿನಷ್ಟು ಜಾಗ ಇರುತ್ತಿತ್ತಲ್ಲ, ಬೆಳಕು ಬೀಳದ ಜಾಗ, ಅದು ಜಿಸ್ಲೇನಳದು. ಇಪ್ಪತ್ತು ವರ್ಷದಿಂದ ಅವಳು ಅಲ್ಲೇ ನಿಂತಿದ್ದಳು, ಅಲ್ಲಿ ನಿಲ್ಲುವುದೆಂದರೆ ಅವಳಿಗೆ ಸುಖ.

ಅವರ ಹಾಡುಗಳಿಗೆ ಒಂದು ವಾಲು ಇತ್ತು. ಹಡಗಿನ ಅಟ್ಟದ ಮೇಲೆ ನಡೆಯುವವನ ಹಾಗೆ, ಬೀಳುವಂತೆ ಕಾಣುತ್ತ ಬೀಳದೆ ಮುಂದೆ ಹೋಗುವ ವಾಲು. ಗಿಟಾರುಗಳ ಅಬ್ಬರವೆಲ್ಲ ಬೇರೆ ಬ್ಯಾಂಡುಗಳಲ್ಲೂ ಇದ್ದದ್ದೇ. ಆದರೆ ಈ ವಾಲನ್ನು ಯಾರೂ ನಕಲು ಮಾಡಲಾಗಲಿಲ್ಲ. ಪತ್ರಿಕೆಯವರು ಕೇಳಿದಾಗ ಎಡ್ಸೆಲ್, “ಅದು ರಕ್ತದಲ್ಲಿ ಬಂದದ್ದು ಸ್ವಾಮಿ, ದ್ವೀಪದ ರಕ್ತ” ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಹಸುಗಳ ನಾಡಾದ ಫ್ರೀಸ್‌ಲ್ಯಾಂಡಿನ ಸೀತ್ಸೆ ಹಿಂದಿನಿಂದ, “ನನ್ನ ರಕ್ತ ಹಾಲಿನದು” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಜಿಸ್ಲೇನಳೂ ನಗುತ್ತಿದ್ದಳು, ಆದರೆ ತಲೆ ತಗ್ಗಿಸಿ. ಯಾಕೆಂದರೆ ವಾಲು ಎಲ್ಲಿಂದ ಬರುತ್ತದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ತಾಂತಾ ವಿರಿಯನ್ನು ಉಜ್ಜುವ ಕ್ರಮ ಹೀಗೆ: ಮೊದಲು ಉದ್ದಕ್ಕೆ ಒಂದು ಎಳೆತ, ಆಮೇಲೆ ಗಿಡ್ಡ ಪೆಟ್ಟು ಎರಡು, ಕೊನೆಯದು ಗಟ್ಟಿ. ಝ್ರೀ, ಚಿಕ್ ಚಿಕ್. ಎಣಿಕೆಯ ‘ಒಂದು’ ಬೀಳುವುದು ಆ ಉದ್ದ ಎಳೆತದ ಮೇಲೆ. ದ್ವೀಪದಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. ಆದರೆ ಸೀತ್ಸೆಯ ‘ಒಂದು’ ಬೀಳುತ್ತಿದ್ದದ್ದು ಕೊನೆಯ ಚಿಕ್ ಮೇಲೆ. ಇಬ್ಬರೂ ಬೇರೆಬೇರೆ ಹೊಸ್ತಿಲಿನಿಂದ ಹೊರಟು ಒಂದೇ ಬೀದಿಯಲ್ಲಿ ಕೈಕೈ ಹಿಡಿದು ನಡೆಯುತ್ತಿದ್ದರು. ಹಾಡು ಶುರುವಾಗುವಾಗ ಯಾರೂ ಬಾಯಿಬಿಟ್ಟು ಎಣಿಸುತ್ತಿರಲಿಲ್ಲ. ತಾಂತಾ ಉಜ್ಜುತ್ತಿದ್ದಳು, ಉಳಿದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಿದ್ದರು. ಮುಗಿಯುವಾಗಲೂ ಅಷ್ಟೇ, ಎಡ್ಸೆಲ್ ಮೇಲಕ್ಕೆ ಹಾರಿ ಕೆಳಗಿಳಿದದ್ದೇ ಕೊನೆ. ಹೀಗಾಗಿ ವಿಷಯ ಯಾರಿಗೂ ತಿಳಿಯುವ ಸಂದರ್ಭವೇ ಬರಲಿಲ್ಲ. ನಡುವೆ ನಿಂತ ಜಿಸ್ಲೇನ್ ಮಾತ್ರ ಇಬ್ಬರ ‘ಒಂದಕ್ಕೂ’ ಸಲ್ಲುವ ಹಾಗೆ ಸ್ವರ ಇಡುತ್ತಿದ್ದಳು, ಹೊಳೆಯ ನಡುವೆ ದಾಟುಗಲ್ಲು ಇಟ್ಟ ಹಾಗೆ. ಹೇಳಬೇಕೆಂದು ಅವಳಿಗೆ ಎಂದೂ ಅನ್ನಿಸಲಿಲ್ಲ. ಆರಾಮಾಗಿ ನಡೆದು ಹೋಗುತ್ತಿರುವವನನ್ನು ನಿಲ್ಲಿಸಿ, ಮೊದಲು ಯಾವ ಕಾಲು ಇಡುತ್ತೀ ಎಂದು ಯಾರಾದರೂ ಕೇಳುತ್ತಾರೆಯೆ?

ಸೀತ್ಸೆ ಈ ಬ್ಯಾಂಡಿಗೆ ಬಂದದ್ದೇ ಜಗಳಕ್ಕೆ. ಜಿಸ್ಲೇನಳ ಅಪ್ಪ ದ್ವೀಪದ ವಿಲೆಮ್‌ಸ್ಟಾಡಿನ ಪೆಟ್ರೋಲ್ ಎಣ್ಣೆಯ ಕಾರ್ಖಾನೆ ಬಿಟ್ಟು ರೋಟರ್‌ಡ್ಯಾಮಿನ ಎಣ್ಣೆ ಕಾರ್ಖಾನೆಗೆ ಸೇರಿದಾಗ, ವಾಸನೆ ಒಂದೇ, ಚಳಿ ಮಾತ್ರ ಹೆಚ್ಚು ಎಂದುಕೊಂಡು ಮನೆಮಂದಿಯೆಲ್ಲ ಅಲ್ಲಿನ ಹೂಗ್‌ಫ್ಲೀಟ್ ಬಡಾವಣೆಯ ಬಹುಮಹಡಿಯೊಂದರಲ್ಲಿ ಬೀಡುಬಿಟ್ಟರು. ಅಪ್ಪ ತೀರಿದ ಮೇಲೂ ತಾಂತಾ ಅದೇ ಮನೆಯಲ್ಲಿ ಉಳಿದಳು. ಎಡ್ಸೆಲ್ ಮತ್ತು ಜಿಸ್ಲೇನ್ ಅವಳ ಅಡುಗೆಮನೆಯಲ್ಲಿ ಗಿಟಾರು ಕಲಿತರು, ಅವಳು ಮೇಕೆಮಾಂಸದ ಸಾರು ಕುದಿಯುವಷ್ಟು ಹೊತ್ತು ಗೋಡೆಗೊರಗಿ ವಿರಿ ಉಜ್ಜುತ್ತಿದ್ದಳು. ಒಂದು ಭಾನುವಾರ ಪಕ್ಕದ ಮನೆಯ ಹುಡುಗ ಬಾಗಿಲು ಬಡಿದ. ರಾತ್ರಿಪಾಳಿ ಮುಗಿಸಿ ಬಂದವನು, ಕಣ್ಣು ಕೆಂಪು. “ಗೋಡೆಯೊಳಗೆ ಏನೋ ಗರಗಸ ಆಡ್ತಿದೆ, ಮೂರು ತಿಂಗಳಾಯ್ತು” ಎಂದ. ತಾಂತಾ ಅವನನ್ನು ಮೇಲಿಂದ ಕೆಳಕ್ಕೆ ನೋಡಿ, “ಮಕಾಂಬಾ, ಊಟ ಆಯ್ತಾ?” ಎಂದಳು. ಮಕಾಂಬಾ ಎಂದರೆ ದ್ವೀಪದವರು ಡಚ್ಚರಿಗೆ ಇಟ್ಟ ಹೆಸರು, ಅರ್ಧ ಬೈಗುಳ, ಅರ್ಧ ಮುದ್ದು. ಅವನು ಎರಡು ತಟ್ಟೆ ಸಾರು, ಮುಷ್ಟಿಗಾತ್ರದ ಫುಂಚಿ, ಅಂದರೆ ಮೆಕ್ಕೆಜೋಳದ ಮುದ್ದೆ, ತಿಂದು, ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕತೊಡಗಿದ. ಅದೇ ತಾಳ ಮುಂದೆ ಡ್ರಮ್ಮಿಗೆ ಹತ್ತಿತು.

ಮುಂದಿನದು ಬ್ಯಾಂಡುಗಳ ಬದುಕು ಹೇಗಿರುತ್ತದೋ ಹಾಗೆ. ಸಮುದಾಯ ಭವನ, ಸೋರುವ ವ್ಯಾನು, ಒಂದು ಬೇಸಿಗೆ ರೇಡಿಯೋದಲ್ಲೆಲ್ಲ ಬಾರಿಸಿದ ಒಂದು ಹಾಡು, ಜರ್ಮನಿಯಲ್ಲಿ ಎರಡು ಸುತ್ತು, ಆಮೇಲೆ ಯಾರೂ ಕರೆಯದ ಕೆಲವು ವರ್ಷ, ಆಮೇಲೆ ಮತ್ತೆ ಕರೆ. ಒಂದು ಪೀಡೆ ಮಾತ್ರ ಅವರನ್ನು ಬಿಡಲೇ ಇಲ್ಲ. ಎಲ್ಲಿ ಹೋದರೂ ವೇದಿಕೆಯ ಮೇಲೆ ಪ್ಲಾಸ್ಟಿಕ್ ತೆಂಗಿನಮರಗಳು ಕಾಯುತ್ತಿದ್ದವು. ಕ್ಯಾರಿಬಿಯನ್ನಿನವರು ಬರುತ್ತಾರೆ ಎಂದೊಡನೆ ಸಂಘಟಕರಿಗೆ ಅದೆಲ್ಲಿಂದ ಹೊಳೆಯುತ್ತಿತ್ತೋ. ಲೇವಾರ್ಡನ್ನಿನ ಹಿಮಜಾರಿನ ಅಂಗಳದಲ್ಲಿ ಕೂಡ, ಕೈ ಮರಗಟ್ಟುವ ಚಳಿಯಲ್ಲಿ, ಮಂಜಿನ ಮೇಲೆ ಎರಡು ತೆಂಗು. “ನಾವು ರಾಕ್ ಬ್ಯಾಂಡ್ ರೀ, ರೆಸಾರ್ಟ್ ಅಲ್ಲ!” ಎಂದು ಎಡ್ಸೆಲ್ ಅವುಗಳನ್ನು ಹೊತ್ತು ಹೊರಗೆ ಎಸೆಯುತ್ತಿದ್ದ. ಪ್ರತಿ ಸಲವೂ. ಅದು ಬ್ಯಾಂಡಿನ ಪೂಜೆಯ ಹಾಗೆ ಆಗಿಬಿಟ್ಟಿತ್ತು.

ಇಪ್ಪತ್ತನೆಯ ವರ್ಷಕ್ಕೆ ರೋಟರ್‌ಡ್ಯಾಮಿನ ದಕ್ಷಿಣದಲ್ಲಿ ದೊಡ್ಡ ಸಭಾಂಗಣ ಗೊತ್ತುಮಾಡಿದರು. ಅದಕ್ಕೆ ಮೊದಲು ಹಳೆಯ ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸುವುದೆಂದಾಯಿತು. ಬಂದರಿನ ಹಳೇ ಗೋದಾಮಿನಲ್ಲಿ ಫೆನ್ನಾ ಎಂಬ ಹೆಣ್ಣುಮಗಳ ಸ್ಟುಡಿಯೋ. ಹಿಂದೆಲ್ಲ ಇವರು ಒಂದೇ ಕೋಣೆಯಲ್ಲಿ ಒಟ್ಟಿಗೆ ಬಾರಿಸಿ ಮುಗಿಸುತ್ತಿದ್ದರು. ಫೆನ್ನಾ ಒಬ್ಬೊಬ್ಬರನ್ನೇ ಕೂರಿಸಿ, ಕಿವಿಗೆ ಯಂತ್ರದ ಟಿಕ್ ಟಿಕ್ ಹಾಕಿದಳು. ‘ಒಂದು’ ಬಂದಾಗ ಟಿಕ್ ಸ್ವಲ್ಪ ಗಟ್ಟಿ. ಸೀತ್ಸೆ ಅದಕ್ಕೆ ಸರಿಯಾಗಿ ಬಾರಿಸಿ ಎದ್ದ. ಆಮೇಲೆ ತಾಂತಾ ಕೂತಳು, ಮುದ್ರಿಸಿದ ಅವನ ಡ್ರಮ್ಮಿಗೆ ಎರಡು ಎಳೆತ ಎಳೆದಳು, ನಿಲ್ಲಿಸಿದಳು.

“ಏನಮ್ಮಾ, ನಿನ್ನ ಯಂತ್ರ ಕುಡಿದಿದೆ.”

“ಯಂತ್ರ ಸರಿ ಇದೆ ತಾಂತಾ,” ಎಂದಳು ಫೆನ್ನಾ. “ಸೀತ್ಸೆ ಇದಕ್ಕೇ ಬಾರಿಸಿದ್ರು.”

“ಹಾಗಾದ್ರೆ ಅವನೂ ಕುಡಿದಿದಾನೆ.”

“ಬೆಳಗಿಂದ ಬರೀ ಹಾಲು!” ಎಂದ ಸೀತ್ಸೆ ಬಾಗಿಲಿನಿಂದ.

ಫೆನ್ನಾ ಹಣೆ ತಿಕ್ಕಿಕೊಂಡಳು. “ಒಂದು ಕೆಲಸ ಮಾಡಿ. ಹಾಡು ಹಾಕ್ತೀನಿ. ‘ಒಂದು’ ಬಂದಾಗ ಇಬ್ಬರೂ ಚಪ್ಪಾಳೆ ಹೊಡೀರಿ.”

ಮೂಲೆಯ ಸೋಫಾದ ಮೇಲೆ ಕೂತ ಜಿಸ್ಲೇನಳಿಗೆ ಎದ್ದು ಆ ಹಾಡನ್ನು ನಿಲ್ಲಿಸಬೇಕು ಅನ್ನಿಸಿತು. ಏಳಲಿಲ್ಲ. ತಾಂತಾ ಚಪ್ಪಾಳೆ ಹೊಡೆದಳು. ಸೀತ್ಸೆಯೂ ಹೊಡೆದ. ಎರಡು ಚಪ್ಪಾಳೆಗಳೂ ಒಂದರ ಹಿಂದೊಂದು ಬಿದ್ದವು, ಒಮ್ಮೆಯೂ ಒಟ್ಟಿಗೆ ಬೀಳಲಿಲ್ಲ. ಹಾಡು ಮುಗಿಯುವವರೆಗೂ ಇಬ್ಬರೂ ಹಠದಿಂದ ಹೊಡೆಯುತ್ತಲೇ ಇದ್ದರು.

“ಇಪ್ಪತ್ತು ವರ್ಷ!” ಎಂದ ಸೀತ್ಸೆ, ಕೊನೆಗೆ. ಅವನ ಮುಖ ಬೀಟ್‌ರೂಟಿನ ಹಾಗಾಗಿತ್ತು. “ಇಪ್ಪತ್ತು ವರ್ಷ ತಪ್ಪು ಬಾರಿಸಿದೀನಿ. ಒಬ್ಬರಾದ್ರೂ ಒಂದು ಮಾತು ಹೇಳಬಾರದಿತ್ತಾ?”

“ನಂಗೇನು ಗೊತ್ತು,” ಎಂದಳು ತಾಂತಾ. “ಎಲ್ಲೋ ಎಡವಟ್ಟಾಗಿದೆ ಅಂತ ಅನ್ಸಿತ್ತು. ಮಕಾಂಬಾಗಳು ಎಣಿಸೋದೇ ಹಾಗೆ ಇರಬೇಕು ಅಂದ್ಕೊಂಡೆ. ನೀವು ಕಾಫಿ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಡ್ತೀರಿ. ಅದನ್ನ ನಾವ್ಯಾರಾದ್ರೂ ಯಾಕೆ ಅಂತ ಕೇಳಿದ್ವಾ?”

ಎಡ್ಸೆಲ್ ನಕ್ಕ. ಸೀತ್ಸೆ ನಗಲಿಲ್ಲ. ಜಾಕೆಟ್ ಹಾಕಿಕೊಂಡು ಸೈಕಲ್ ಹತ್ತಿ ಹೊರಟುಹೋದ. ಧ್ವನಿಮುದ್ರಣ ಅಲ್ಲಿಗೇ ನಿಂತಿತು.

ಆ ವಾರವೆಲ್ಲ ತಾಂತಾಳ ಅಡುಗೆಮನೆಯ ಗೋಡೆಯಲ್ಲಿ ಸದ್ದು. ಸೀತ್ಸೆ ಈಗಲೂ ಪಕ್ಕದ ಮನೆಯಲ್ಲೇ ಇದ್ದ, ಮದುವೆಯಾಗಿ, ಬಿಟ್ಟು, ಗಡ್ಡ ನರೆತು, ಅಲ್ಲೇ. ಸಾರು ತೆಗೆದುಕೊಂಡು ಹೋಗಿ ಬಾಗಿಲು ಬಡಿದರೆ, “ಕಲೀತಿದೀನಿ ತಾಂತಾ, ಆಮೇಲೆ” ಎಂದು ಒಳಗಿನಿಂದಲೇ ಹೇಳುತ್ತಿದ್ದ. “ದಿಂಬಿಗೆ ಹೊಡ್ಕೊತಿದಾನೆ ಪಾಪ,” ಎಂದಳು ತಾಂತಾ ಜಿಸ್ಲೇನಳಿಗೆ ಫೋನಿನಲ್ಲಿ. “ತಟ್ಟೆ ಹೊಸ್ತಿಲಲ್ಲೇ ಇಟ್ಟು ಬಂದೆ. ಖಾಲಿ ಮಾಡಿ ತೊಳೆದಿಟ್ಟಿದ್ದ. ಕೋಪ ಊಟದ ಮೇಲಿಲ್ಲ, ಅಷ್ಟು ಸಮಾಧಾನ.”

ಕಾರ್ಯಕ್ರಮ ಶನಿವಾರ. ಗುರುವಾರ ಮಧ್ಯಾಹ್ನ ತಾಲೀಮಿಗೆ ಸೀತ್ಸೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ತಾಂತಾಳನ್ನು ಪಕ್ಕಕ್ಕೆ, ತನಗೆ ಕಾಣುವಂತೆ ನಿಲ್ಲಿಸಿಕೊಂಡ. ಮೊದಲೆಲ್ಲ ಕಣ್ಣುಮುಚ್ಚಿ ಬಾರಿಸುತ್ತಿದ್ದವನು ಈಗ ಅವಳ ಮಣಿಕಟ್ಟಿನಿಂದ ಕಣ್ಣು ಕೀಳಲಿಲ್ಲ. ಉದ್ದ ಎಳೆತ ಬಂತು, ಅವನ ‘ಒಂದು’ ಅದರ ಮೇಲೆ ಸರಿಯಾಗಿ ಬಿತ್ತು. ಮತ್ತೆ ಬಿತ್ತು. ಒಂದು ಸಲವೂ ತಪ್ಪಲಿಲ್ಲ.

ಹಾಡು ನೆಟ್ಟಗೆ ನಿಂತಿತು. ವಾಲು ಇಲ್ಲ.

ಜಿಸ್ಲೇನಳ ಬೆರಳುಗಳು ತಂತಿಯ ಮೇಲೆ ಜಾಗ ಹುಡುಕಿದವು. ದಾಟುಗಲ್ಲು ಇಡಲು ಹೊಳೆಯೇ ಇರಲಿಲ್ಲ, ಎರಡು ದಡವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಎಲ್ಲಿ ಇಟ್ಟರೂ ಸರಿಹೋಗುತ್ತಿತ್ತು, ಎಲ್ಲಿ ಇಟ್ಟರೂ ಬೇಕಾಗಿರಲಿಲ್ಲ. ಇಂಥ ಒಂಟಿತನ ಅವಳಿಗೆ ಆ ಜಾಗದಲ್ಲಿ ಎಂದೂ ಆಗಿರಲಿಲ್ಲ.

“ಈಗ ಸರಿ ಇದೆ ತಾನೆ?” ಎಂದ ಸೀತ್ಸೆ, ಬೆವರು ಒರೆಸಿಕೊಂಡು. ಪರೀಕ್ಷೆ ಪಾಸಾದವನ ಮುಖ.

“ಹ್ಞೂಂ. ಸ್ವಚ್ಛವಾಗಿದೆ,” ಎಂದ ಎಡ್ಸೆಲ್.

“ಹೊಸ ಫ್ರಿಜ್ಜಿನ ಹಾಗಿದೆ,” ಎಂದಳು ತಾಂತಾ. ಸೀತ್ಸೆ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. ಅವನ ಕಣ್ಣುಗಳಲ್ಲಿನ ಖುಷಿ ನೋಡಿ ಯಾರೂ ಅವನನ್ನು ತಿದ್ದಲಿಲ್ಲ.

ವ್ಯಾನಿನಲ್ಲಿ ಎಡ್ಸೆಲ್ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತ, ಗಾಡಿ ಶುರುಮಾಡಲಿಲ್ಲ. “ಜಿಸ್, ಶನಿವಾರ ಹೀಗೇ ಆದ್ರೆ ಅಲ್ಲಿಗೇ ಸಾಕು ಅಂತೀನಿ. ಇಪ್ಪತ್ತು ವರ್ಷ ಆಯ್ತು, ಥ್ಯಾಂಕ್ಸ್, ನಮಸ್ಕಾರ. ಅದರಲ್ಲಿ ನಾಚಿಕೆ ಇಲ್ಲ. ಆದ್ರೆ ಜೀವ ಇಲ್ಲದ್ದನ್ನ ಹೆಗಲ ಮೇಲೆ ಹೊತ್ಕೊಂಡು ಊರೂರು ತಿರುಗಲ್ಲ ನಾನು.”

“ಅವನಿಗೆ ಹೇಳು.”

“ಏನಂತ? ‘ತಪ್ಪು ಬಾರಿಸು’ ಅಂತಲಾ? ವಾರ ಪೂರ್ತಿ ದಿಂಬು ಬಡಿದವನಿಗೆ?” ಅಣ್ಣ ಅವಳತ್ತ ತಿರುಗಿದ. “ನಿಂಗೆ ಗೊತ್ತಿತ್ತು ಅಲ್ವಾ? ಮೊದಲಿಂದ?”

ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ, ಹೌದು, ಎಂದು ತಲೆಯಾಡಿಸಿದಳು.

“ಹಾಗಾದ್ರೆ ನೀನೇ ಹೇಳಬೇಕು.”

ಆ ರಾತ್ರಿ ಅವಳು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹತ್ತಾರು ರೀತಿ ಜೋಡಿಸಿ ನೋಡಿದಳು. ಎಲ್ಲ ಮಾತೂ ಸೀತ್ಸೆಯನ್ನು ನೋಯಿಸುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಬ್ರಷ್ಷಿನ ಸದ್ದಿಗೆ ಗೋಡೆಯೊಳಗಿನ ಗರಗಸ ನೆನಪಾಯಿತು. ಮೂರು ತಿಂಗಳು ಅವನು ಕೇಳಿದ್ದು ವಿರಿಯನ್ನಲ್ಲ, ವಿರಿಯಲ್ಲಿ ಗೋಡೆ ದಾಟಿ ಬಂದಷ್ಟನ್ನು. ಉದ್ದ ಎಳೆತ ಮೆತ್ತಗಿನದು, ಅದು ಕಾಂಕ್ರೀಟಿನಲ್ಲೇ ಇಂಗಿಹೋಗಿರಬೇಕು. ದಾಟಿದ್ದು ಕೊನೆಯ ಗಟ್ಟಿ ಚಿಕ್ ಒಂದೇ. ಪಾಪ, ಅದನ್ನೇ ಅವನು ‘ಒಂದು’ ಎಂದುಕೊಂಡ. ಬ್ರಷ್ ಬಾಯಲ್ಲೇ ಇತ್ತು, ಜಿಸ್ಲೇನಳಿಗೆ ನಗು ಬಂತು.

ಶುಕ್ರವಾರ ಮಧ್ಯಾಹ್ನ ಅವಳು ತಾಂತಾಳ ಮನೆಗೆ ಹೋದಳು. “ತಾಂತಾ, ಎಲ್ಲಿ ನಿಂತು ಉಜ್ತಿದ್ರಿ ಆಗ?”

“ಇಲ್ಲೇ, ಒಲೆ ಪಕ್ಕ. ಬೆನ್ನು ಗೋಡೆಗೆ ಕೊಟ್ಟು. ಆಗ ಸೊಂಟ ಬೇರೆ ನೋಯ್ತಿತ್ತು.”

“ಹಾಗೇ ನಿಂತ್ಕೊಳ್ಳಿ. ನಾನು ಆ ಕಡೆಯಿಂದ ಗೋಡೆ ಬಡಿದ ಕೂಡ್ಲೆ ಶುರು ಮಾಡಿ.”

“ಏನೇ ನಿನ್ನ ಆಟ? ಸಾರು ಸೀದ್ರೆ ನಿಂಗೇ ತಿನ್ನಿಸ್ತೀನಿ ನೋಡು, ದುಶಿ.” ದುಶಿ ಎಂದರೆ ಬಂಗಾರ, ಚಿನ್ನ, ಮುದ್ದು, ಏನು ಬೇಕಾದರೂ. ಬೈಯುವಾಗ ತಾಂತಾ ಅದನ್ನು ತಪ್ಪದೆ ಸೇರಿಸುತ್ತಿದ್ದಳು.

ಸೀತ್ಸೆ ಬಾಗಿಲು ತೆಗೆದ. ಜಿಸ್ಲೇನ್ ಒಬ್ಬಳೇ ಅವನ ಮನೆಗೆ ಬಂದದ್ದು ಅದೇ ಮೊದಲಿರಬೇಕು. ಅವನು ಗಾಬರಿಯಾಗಿ ಕಾಫಿ ಇಟ್ಟ. ಬಿಸ್ಕತ್ತಿನ ಡಬ್ಬಿ ತೆಗೆದು, ಒಂದು ಕೊಟ್ಟು, ಮುಚ್ಚಲು ಹೋಗಿ, ತಾಂತಾಳ ಮಾತು ನೆನಪಾಗಿ ಡಬ್ಬಿಯನ್ನೇ ಅವಳ ಮುಂದಿಟ್ಟ.

“ಸೀತ್ಸೆ, ಸೋಫಾ ಮೇಲೆ ಕೂತ್ಕೋ. ಏನೂ ಮಾಡಬೇಡ. ಸುಮ್ನೆ ಕೇಳು.”

ಅವಳು ಗೋಡೆ ಬಡಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಕಾಂಕ್ರೀಟಿನ ಆಳದಿಂದ, ಚಿಕ್. ಬಿಟ್ಟು, ಚಿಕ್. ಮತ್ತೆ ಬಿಟ್ಟು, ಚಿಕ್. ಸೀತ್ಸೆ ಕಾಫಿ ಲೋಟ ಹಿಡಿದು ಕೂತಿದ್ದ. ಕೆಳಗೆ ಅವನ ಬಲಗಾಲಿನ ಹೆಬ್ಬೆರಳು, ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳು, ಮೇಲೆ ಕೆಳಗೆ ಆಡತೊಡಗಿತ್ತು. ಚಿಕ್ ಬಂದಾಗ ಕೆಳಗೆ. ಹಳೆಯ ‘ಒಂದು’.

ಅವನೂ ಅದನ್ನು ನೋಡಿದ. ಇಬ್ಬರೂ ಆ ಹೆಬ್ಬೆರಳನ್ನೇ ನೋಡುತ್ತ ಕೂತರು.

“ನೀನು ತಪ್ಪು ಕೇಳಿಸ್ಕೊಂಡಿರಲಿಲ್ಲ,” ಎಂದಳು ಜಿಸ್ಲೇನ್. “ಈ ಕಡೆ ಹೀಗೇ ಕೇಳುತ್ತೆ. ತಾಂತಾ ಆ ಕಡೆಯಿಂದ ಎಣಿಸ್ತಾರೆ, ನೀನು ಈ ಕಡೆಯಿಂದ. ನಾನು ನಡುವೆ ಇರ್ತೀನಿ. ನಂಗೆ ಇರೋ ಜಾಗ ಅದೊಂದೇ ಸೀತ್ಸೆ. ಗುರುವಾರ ನೀನು ಅವರ ಕಡೆಗೆ ಹೋಗ್ಬಿಟ್ಟೆ. ನಾನು ಎಲ್ಲಿ ನಿಂತ್ಕೊಳ್ಳಲಿ?”

ಇಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಸೀತ್ಸೆ ಗಡ್ಡ ಕೆರೆದುಕೊಂಡ. “ಫ್ರಿಜ್ಜು ಅಂದದ್ದು ಹೊಗಳಿಕೆ ಅಲ್ಲ, ಅಲ್ವಾ?” ಎಂದ.

“ಅಲ್ಲ.”

“ಆದ್ರೆ ಈಗ ಕಲ್ತುಬಿಟ್ಟಿದೀನಲ್ಲ. ಆ ಕೈ ಕಂಡ ಕೂಡ್ಲೆ ಕಾಲು ಅಲ್ಲಿಗೇ ಹೋಗುತ್ತೆ. ಕಣ್ಣು ಮುಚ್ಕೊಂಡ್ರೂ ತಾನಾಗೇ ತೆರ್ಕೊಳ್ಳುತ್ತೆ. ನಾಳೆ ವೇದಿಕೆ ಮೇಲೆ ಗೋಡೆ ಎಲ್ಲಿಂದ ತರ್ತೀಯಾ?”

ಗೋಡೆಯ ಆಚೆಯಿಂದ ತಾಂತಾ ಕೂಗಿದಳು, “ಸಾಕಾ? ಸಾರು ಉಕ್ತಿದೆ! ಮಕಾಂಬಾನ್ನೂ ಕರ್ಕೊಂಡು ಬಾ!”

ಶನಿವಾರ ಅವರು ಸಭಾಂಗಣಕ್ಕೆ ಹೋದಾಗ ಸಾಮಾನು ಇಳಿಸುವ ಬಾಗಿಲಲ್ಲೇ ಎಡ್ಸೆಲ್‌ನ ಕೂಗು ಕೇಳಿತು. ವೇದಿಕೆಯ ಮೇಲೆ ಸಾಲಾಗಿ ನಿಂತಿದ್ದವು, ಪ್ಲಾಸ್ಟಿಕ್ ತೆಂಗಿನಮರಗಳು. ಈ ಸಲ ಐದಾರು, ದಟ್ಟ ಗರಿಯವು, ಒಂದರಲ್ಲಿ ಗೊಂಬೆಯ ಗಿಳಿ ಬೇರೆ.

“ಇಪ್ಪತ್ತು ವರ್ಷ!” ಎಡ್ಸೆಲ್ ಒಂದರ ಸೊಂಟ ಹಿಡಿದು ಎತ್ತಿದ್ದ. “ಇಪ್ಪತ್ತು ವರ್ಷ ಆದ್ಮೇಲೂ ಇದೇ! ಯಾರ್ರೀ ಇಟ್ಟದ್ದು ಇದನ್ನ?”

“ಇಳಿಸು,” ಎಂದಳು ಜಿಸ್ಲೇನ್.

“ಏನು?”

“ಅದನ್ನ ಇಳಿಸು ಎಡ್ಸೆಲ್. ನಂಗೆ ಬೇಕು.”

ಅಣ್ಣ ಮರವನ್ನು ಅಪ್ಪಿಕೊಂಡೇ ಬಾಯಿಬಿಟ್ಟು ನಿಂತ. ಅವಳು ಒಂದೊಂದೇ ಮರವನ್ನು ಎಳೆದುಕೊಂಡು ಹೋಗಿ, ತಾಂತಾ ನಿಲ್ಲುವಲ್ಲಿಗೂ ಡ್ರಮ್ಮುಗಳಿಗೂ ನಡುವೆ ಬೇಲಿಯ ಹಾಗೆ ಒತ್ತಿಒತ್ತಿ ನಿಲ್ಲಿಸಿದಳು. ಸೀತ್ಸೆ ತನ್ನ ಜಾಗದಲ್ಲಿ ಕೂತು ನೋಡಿದ. ಗರಿ ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಅವಳು ಮೆಟ್ಟಿಲಿಳಿದು, ಖಾಲಿ ಸಭಾಂಗಣದ ಉದ್ದಕ್ಕೂ ನಡೆದು, ಅಂದಿನ ಧ್ವನಿ ನೋಡಿಕೊಳ್ಳಲು ಬಂದು ಹಿಂದಿನ ಮೇಜಿನಲ್ಲಿ ಕೂತಿದ್ದ ಫೆನ್ನಾಳ ಹತ್ತಿರ ಹೋದಳು. ಡ್ರಮ್ಮಿನ ಬಳಿ ಇಟ್ಟ ಸ್ಪೀಕರಿಗೆ ವಿರಿಯ ಸದ್ದು ಬೇಡ, ಉಳಿದದ್ದೆಲ್ಲ ಇರಲಿ, ಎಂದಳು.

“ಹಾಗಾದ್ರೆ ಅವರಿಗೆ ವಿರಿ ಸರಿಯಾಗಿ ಕೇಳೋದೇ ಇಲ್ವಲ್ಲ,” ಎಂದಳು ಫೆನ್ನಾ.

“ಬೇಕಾದಷ್ಟು ಕೇಳುತ್ತೆ.”

ಫೆನ್ನಾ ಅವಳ ಮುಖವನ್ನೂ ದೂರದ ತೆಂಗಿನ ತೋಪನ್ನೂ ಒಮ್ಮೆ ನೋಡಿದಳು. “ಹೋ! ಗೋಡೆ ಕಟ್ತಿದೀರಾ!” ಎಂದು ನಕ್ಕು ಗುಂಡಿ ತಿರುಗಿಸಿದಳು.

ಸಂಜೆ ಜನ ತುಂಬಿದರು. ಹೂಗ್‌ಫ್ಲೀಟಿನ ಅಜ್ಜಿಯರು ಮುಂದಿನ ಸಾಲಿನಲ್ಲಿ, ಕೈಚೀಲದಲ್ಲಿ ಪಾಸ್ತೆಚಿ ಎಂಬ ಕರಿದ ಕಡುಬು ಕಟ್ಟಿಕೊಂಡು. ಹಿಂದಿನ ಸಾಲುಗಳಲ್ಲಿ, ಮೊದಲ ಹಾಡಿಗೆ ಕುಣಿದಾಗ ಹುಡುಗರಾಗಿದ್ದು ಈಗ ತಲೆ ಬೋಳಾದವರು. ತಾಂತಾ ವಿರಿ ಎತ್ತಿದಳು. ಝ್ರೀ, ಚಿಕ್ ಚಿಕ್. ಎಡ್ಸೆಲ್‌ನ ಗಿಟಾರು ಸೇರಿತು. ಮರಗಳ ಹಿಂದೆ ಸದ್ದಿಲ್ಲ. ಜಿಸ್ಲೇನ್ ಕಾದಳು. ಒಂದು ಸುತ್ತು ಹೋಯಿತು, ಎರಡು ಹೋಯಿತು, ಎಡ್ಸೆಲ್ ತಿರುಗಿ ನೋಡಿದ. ಆಮೇಲೆ ಡ್ರಮ್ಮು ಬಂತು, ಉದ್ದ ಎಳೆತದ ಮೇಲೆ, ಫ್ರಿಜ್ಜಿನ ಹಾಗೆ. ನಾಲ್ಕಾರು ಸುತ್ತು ಹಾಗೇ ಹೋಯಿತು. ಆಗ ಎಲ್ಲೋ ನಡುವೆ, ಎಡವಿದವನ ಹಾಗೆ, ಒಂದು ಪೆಟ್ಟು ತಪ್ಪಿತು, ಮುಂದಿನದು ಚಿಕ್ ಮೇಲೆ ಬಿತ್ತು, ಅದರ ಮುಂದಿನದೂ. ದಡಗಳು ಬೇರೆಯಾದವು, ನಡುವೆ ಹೊಳೆ ಹರಿಯಿತು. ಜಿಸ್ಲೇನಳ ಬೆರಳು ಯೋಚಿಸಲೇ ಇಲ್ಲ, ಮೊದಲ ಕಲ್ಲನ್ನು ಇಟ್ಟುಬಿಟ್ಟಿತು.

ಹಾಡು ವಾಲಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಪಾಸ್ತೆಚಿ ಪಕ್ಕದವಳ ಕೈಗೆ ಕೊಟ್ಟು ಎದ್ದಳು. ಎಡ್ಸೆಲ್ ಹಾಡುವುದು ಬಿಟ್ಟು ಒಂದು ಸಾಲಿನಷ್ಟು ಹೊತ್ತು ಬರಿದೇ ನಕ್ಕ. ಗರಿಗಳ ಹಿಂದಿನಿಂದ ಸೀತ್ಸೆಯ ಕೂಗು ಕೇಳಿತು, ಫ್ರೀಸ್‌ಲ್ಯಾಂಡಿನಲ್ಲಿ ಹಸುಗಳನ್ನು ಮನೆಗೆ ಕರೆಯುವ ಕೂಗು. ತಾಂತಾ ತಿರುಗದೆಯೇ, “ಬಂತು ನೋಡು ನನ್ನ ಮಕಾಂಬಾ!” ಎಂದಳು, ಅದು ಮೈಕಿನಲ್ಲಿ ಊರಿಗೆಲ್ಲ ಕೇಳಿತು.

ಸೋಮವಾರದ ಪತ್ರಿಕೆಯಲ್ಲಿ ಫೋಟೋ ಬಂತು. ಅದರಲ್ಲಿ ಸೀತ್ಸೆ ಇರಲಿಲ್ಲ. ತೆಂಗಿನ ಗರಿಯಿಂದ ಒಂದು ಕೋಲು ಮಾತ್ರ ಹೊರಗೆ ಚಾಚಿತ್ತು. ಮರಗಳಿಗೆ ಬೆಳಕು ಬಿಡಬೇಕೆಂದು ಯಾರೋ ದೀಪವನ್ನು ಆ ಕಡೆ ತಿರುಗಿಸಿದ್ದರಿಂದ, ಅವುಗಳ ಮುಂದೆ ನಿಂತ ಜಿಸ್ಲೇನ್ ತಲೆಯಿಂದ ಕಾಲಿನವರೆಗೆ ಪೂರ್ತಿ ಬಂದಿದ್ದಳು. ಅವಳಿಗೆ ನೋಡಲು ಸಂಕೋಚವಾಯಿತು. ಪತ್ರಿಕೆ ಮಡಚಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬಿಚ್ಚಿ ಮತ್ತೆ ನೋಡಿದಳು.

ಮಧ್ಯಾಹ್ನ ಎಲ್ಲರೂ ತಾಂತಾಳ ಅಡುಗೆಮನೆಯಲ್ಲಿ ಸೇರಿದರು. ಬೇಸಿಗೆಗೆ ಆಂಟ್‌ವರ್ಪಿನಿಂದ ಕರೆ ಬಂದಿತ್ತು, ಎಡ್ಸೆಲ್ ಒಪ್ಪಿಕೊಂಡಾಗಿತ್ತು. ಆದರೆ ಅವನ ಮುಖ ಗಂಟಿಕ್ಕಿತ್ತು. ವ್ಯಾನಿನ ಬಾಗಿಲು ಹಾಕಲಾಗುತ್ತಿಲ್ಲ, ಗರಿಗಳು ಸಿಕ್ಕಿಕೊಳ್ಳುತ್ತಿವೆ ಎಂದು ಗೊಣಗಿದ. ಸಭಾಂಗಣದವರು ಮರಗಳನ್ನು ಖುಷಿಯಿಂದಲೇ ಕೊಟ್ಟುಬಿಟ್ಟಿದ್ದರು.

“ಆಂಟ್‌ವರ್ಪಲ್ಲಿ ಅವರೇ ಇಟ್ಟಿರ್ತಾರೆ ಬಿಡು,” ಎಂದ ಸೀತ್ಸೆ, ಮೂರನೆಯ ಬಾರಿ ಫುಂಚಿ ಬಡಿಸಿಕೊಳ್ಳುತ್ತ.

“ಇಡದೇ ಇದ್ರೆ?” ಎಂದಳು ಜಿಸ್ಲೇನ್.

ಎಡ್ಸೆಲ್ ನಿಟ್ಟುಸಿರು ಬಿಟ್ಟು, ಗರಿಗಳನ್ನು ಕಟ್ಟಲು ಹಗ್ಗ ಹುಡುಕಿಕೊಂಡು ಕೆಳಗಿಳಿದ. “ಗಿಳಿ ಮುರೀಬೇಡ ದುಶಿ, ಅದು ನಂಗೆ ಬೇಕು!” ಎಂದು ತಾಂತಾ ಕಿಟಕಿಯಿಂದ ಕೂಗಿದಳು.